ಮೂರನೇ ಬೆಂಚು

‘ನನಗೆ ಉಸಿರು ಸಾಲುವುದಿಲ್ಲ. ಇದು ಯಾರಿಗೂ ಗೊತ್ತಾಗಬಾರದು.’

ಶನಿವಾರ ಬೆಳಿಗ್ಗೆ ಬ್ರೀನಾ ದಿನಚರಿಯಲ್ಲಿ ಇಷ್ಟು ಬರೆದು, ‘ಯಾರಿಗೂ’ ಎಂಬುದರ ಕೆಳಗೆ ಎರಡು ಗೆರೆ ಎಳೆದಳು. ಎಳೆಯುವಷ್ಟರಲ್ಲೇ ಆಕಳಿಕೆ ಬಂತು. ಆರು ವಾರಗಳಿಂದ ಅವಳಿಗೆ ಆಕಳಿಕೆ ಬಿಟ್ಟರೆ ಬೇರೇನೂ ಸರಾಗವಾಗಿ ಬರುತ್ತಿರಲಿಲ್ಲ.

ಎಲ್ಲಕ್ಕೂ ಕಾರಣ ಒಂದು ಜೊತೆ ಶೂ. ರಾಜಧಾನಿ ಲ್ಯುಬ್ಲ್ಯಾನಾದಲ್ಲಿ ಪದವಿ ಮುಗಿಸಿ ಬಂದು ಊರಿನ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ್ದ ಬ್ರೀನಾ, ಬೆಟ್ಟದ ದಾರಿಯಲ್ಲಿ ಓಡುವವರು ಹಾಕುವ ಕಿತ್ತಳೆ ಬಣ್ಣದ ಶೂ ಕೊಂಡಿದ್ದಳು. ಅಡಿಯಲ್ಲಿ ಮೊಸಳೆಯ ಬಾಯಿಯಂತೆ ಹಲ್ಲುಗಳು. ಅರ್ಧ ಬೆಲೆಗೆ ಸಿಕ್ಕಿತು ಎಂಬುದರ ಹೊರತು ಅದನ್ನು ಕೊಳ್ಳಲು ಬೇರೆ ಕಾರಣವಿರಲಿಲ್ಲ. ಒಂದು ಮಳೆಯ ದಿನ ಅದನ್ನೇ ಹಾಕಿಕೊಂಡು ಲೈಬ್ರರಿಗೆ ಹೋದಾಗ ಮೇಲಧಿಕಾರಿ ಮಾರ್ಯೆತಾ ಮೇಡಂ ಕನ್ನಡಕ ಮೂಗಿಗಿಳಿಸಿ ನೋಡಿದರು.

“ಏನಮ್ಮಾ, ಬೆಟ್ಟ ಓಡೋಕೆ ಶುರು ಮಾಡಿದ್ಯಾ?”

‘ಇಲ್ಲ’ ಎಂದರೆ ಯಾಕೆ ಇಲ್ಲ ಎಂದು ವಿವರಿಸಬೇಕು. ‘ಹೂಂ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಬ್ರೀನಾ “ಹೂಂ” ಎಂದಳು. ಅವಳ ಬದುಕಿನ ಮುಕ್ಕಾಲು ತಾಪತ್ರಯಗಳು ಆ ಒಂದಕ್ಷರದಿಂದಲೇ ಹುಟ್ಟಿದವು.

ಸ್ಲೊವೇನಿಯಾದ ಆ ಭಾಗದಲ್ಲಿ ಬೆಟ್ಟ ಹತ್ತದವರನ್ನು ಜನ ಊಟ ಸೇರದವರನ್ನು ನೋಡುವಂತೆ ನೋಡುತ್ತಾರೆ. ಬ್ರೀನಾ ಕೊನೆಗೂ ದಾರಿಗೆ ಬಂದಳೆಂಬ ಸುದ್ದಿ ಮಧ್ಯಾಹ್ನದೊಳಗೆ ಬೇಕರಿ ಮುಟ್ಟಿತು. ಮರುದಿನದಿಂದ ಬೆಳಗಿನ ಜಾವ ಎದ್ದು ಓಡದೆ ವಿಧಿಯಿರಲಿಲ್ಲ. ಓಡಿದಳು. ಜೇನುಪೆಟ್ಟಿಗೆಗಳ ಸಾಲು ದಾಟುವಾಗ ಪಕ್ಕೆ ಹಿಡಿಯಿತು, ದಾರಿಬದಿಯ ಎರಡನೇ ಬೆಂಚಿಗೆ ಬರುವಾಗ ಮೊಣಕಾಲು ಹಿಡಿಯಿತು, ಮೂರನೇ ಬೆಂಚಿನ ಹತ್ತಿರ ಅವಳೇ ಬೆಂಚು ಹಿಡಿದು ಕುಳಿತಳು. ದ್ರೇನೊವ ಬೆಟ್ಟದ ತುದಿ ಅಲ್ಲಿಂದ ಇನ್ನೂ ಮುಕ್ಕಾಲು ಗಂಟೆಯ ದಾರಿ.

ಕುಳಿತ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಸುತ್ತ ಯಾರೂ ಇಲ್ಲ. ಮನೆಯಲ್ಲಿ ಅಮ್ಮ ಮತ್ತು ಅಮ್ಮನ ರೇಡಿಯೋ, ಲೈಬ್ರರಿಯಲ್ಲಿ ಮಾರ್ಯೆತಾ ಮೇಡಂ ಮತ್ತು ಅವರ ಫೋನು. ಈ ಬೆಂಚಿನ ಮೇಲೆ ಯಾರೂ ಏನೂ ಕೇಳುತ್ತಿಲ್ಲ. ಮರುದಿನ ದಿನಚರಿಯನ್ನೂ ಜೊತೆಗೆ ತಂದಳು. ಅರ್ಧ ಗಂಟೆ ಬರೆದು, ಇಳಿಯುವಾಗ ಹಳ್ಳದ ಕೆಸರನ್ನು ಮೀನಖಂಡಕ್ಕೆ ಅಲ್ಲಲ್ಲಿ ಸವರಿಕೊಂಡು ಮನೆಗೆ ಹೋದಳು. ಹೀಗೆ ಆರು ವಾರ. ಸುಳ್ಳು ಬಯಲಾದರೆ ಊರು ನಗುತ್ತದೆ, ನಗಲಿ. ಆದರೆ ಆ ಅರ್ಧ ಗಂಟೆ ಹೋಗುತ್ತದೆ. ಅದೊಂದೇ ಅವಳಿಗೆ ಭಯ.

ಬಾಗಿಲ ಗಂಟೆ ಸದ್ದು ಮಾಡಿತು. ಬಂದವರು ಪಕ್ಕದ ಮನೆಯ ಯೋಶ್ಕೊ ಮಾಮ, ಬೆಟ್ಟದ ಸಂಘದ ಅಧ್ಯಕ್ಷರು.

“ಬ್ರೀನಾ, ಶೂ ಹಾಕ್ಕೊ! ಬೇಕರಿ ಹುಡುಗಿ ಕಾಲು ಉಳುಕಿಸಿಕೊಂಡು ಕೂತಿದಾಳೆ. ಇವತ್ತಿನ ಓಟಕ್ಕೆ ನಮ್ಮ ಹೆಂಗಸರ ತಂಡದಲ್ಲಿ ಇಬ್ರೇ ಉಳಿದಿರೋದು. ಮೂರು ಜನ ತುದಿ ಮುಟ್ಟದಿದ್ರೆ ತಂಡವೇ ಲೆಕ್ಕಕ್ಕಿಲ್ಲ. ಪಕ್ಕದೂರು ಪೊಲ್ಯಾನೆಯವರು ವರ್ಷವಿಡೀ ಆಡ್ಕೋತಾರೆ!”

“ನಾನಾ? ಮಾಮ, ನಾನು ಈಗಷ್ಟೇ ಶುರು...”

“ಸಾಕು ನಿನ್ನ ನಾಟಕ. ಮೇಲಿನ ಸಹಿ ಪುಸ್ತಕ ನಾನು ನೋಡಿಲ್ವಾ? ಆರು ವಾರಕ್ಕೆ ಮೂವತ್ತೊಂದು ಸಲ ಹತ್ತಿದೀಯ! ನಾನೇ ಇಪ್ಪತ್ತು ದಾಟಿಲ್ಲ.”

ಬೆಟ್ಟದ ತುದಿಯ ತಂಗುಮನೆಯಲ್ಲಿ ಒಂದು ದಪ್ಪ ಪುಸ್ತಕವಿದೆ. ಹತ್ತಿದವರೆಲ್ಲ ಅದರಲ್ಲಿ ಹೆಸರು ಬರೆದು ಮುದ್ರೆ ಒತ್ತಿ ಬರುತ್ತಾರೆ. ಬ್ರೀನಾ ಆ ಪುಸ್ತಕವನ್ನು ಕಣ್ಣಾರೆ ಕಂಡವಳೇ ಅಲ್ಲ. ಮೂವತ್ತೊಂದು ಸಲ ಅದರಲ್ಲಿ ತನ್ನ ಹೆಸರು ಬರೆದವರು ಯಾರು? ಕೇಳಿದರೆ ತಾನೇ ಸಿಕ್ಕಿಬೀಳುತ್ತಾಳೆ.

“ಮೂವತ್ತೊಂದಾ!” ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಓಡಿಬಂದರು. “ಹೆತ್ತ ತಾಯಿಗೇ ಹೇಳಿಲ್ಲ ನೋಡಿ ಇವಳು! ಬಾ, ಎರಡು ತುತ್ತು ತಿನ್ನು, ಶಕ್ತಿ ಬೇಕು.”

ಎರಡು ತುತ್ತೆಂದರೆ ಹಂದಿಕೊಬ್ಬು ಸುರಿದ ಒಂದು ತಟ್ಟೆ ಮುದ್ದೆ. ಎದುರುಮನೆಯವರು ಕುದುರೆಗೆ ಹಚ್ಚುವ ಮುಲಾಮು ತಂದು ಅವಳ ತೊಡೆಗೆ ತಿಕ್ಕಿದರು. ಯೋಶ್ಕೊ ಮಾಮ ಬೆರಿಹಣ್ಣಿನ ಸಾರಾಯಿಯನ್ನು ಒಂದು ಗುಟುಕು ಕುಡಿಸಿದರು. ಅಗ್ನಿಶಾಮಕ ಠಾಣೆಯ ಅಂಗಳಕ್ಕೆ ಬಂದು ನಿಂತಾಗ ಬ್ರೀನಾ ಹಬ್ಬಕ್ಕೆ ಹದ ಮಾಡಿಟ್ಟ ಬಾತುಕೋಳಿಯಂತಿದ್ದಳು. ಪಕ್ಕದಲ್ಲಿ ಪೊಲ್ಯಾನೆಯ ಮೂವರು ಹೆಂಗಸರು ಬೇಲಿ ತಂತಿಯಂತೆ ಬಿಗಿಯಾಗಿ ನಿಂತಿದ್ದರು.

“ಇವಳೇನಾ ಆ ಮೂವತ್ತೊಂದು?” ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಕೇಳಿದಳು. “ನೋಡೋಕೆ ಹಾಗೆ ಕಾಣಲ್ಲ.”

“ಅಂಥವರೇ ಅಪಾಯ ಕಣೇ.”

ಸೀಟಿ ಊದಿದರು. ಜೇನುಪೆಟ್ಟಿಗೆಗಳ ಹತ್ತಿರ ಮುಂದಿನವರ ಬೆನ್ನು ಕಾಣುತ್ತಿತ್ತು. ಮೊದಲನೇ ಬೆಂಚಿನ ಹತ್ತಿರ ಬರೀ ಧೂಳು ಕಾಣುತ್ತಿತ್ತು. ಎರಡನೇ ಬೆಂಚಿನ ಹತ್ತಿರ ಮುದ್ದೆ ಗಂಟಲಿಗೆ ಬಂದು, ಸಾರಾಯಿಯನ್ನು ಅಲ್ಲಿ ಭೇಟಿಯಾಗಿ, ಇಬ್ಬರೂ ಕೂಡಿ ವಾಪಸಾದರು. ಮೂರನೇ ಬೆಂಚಿನ ಮೇಲೆ ಬ್ರೀನಾ ಒದ್ದೆ ಕೋಟಿನಂತೆ ಬಿದ್ದುಕೊಂಡಳು. ಇಲ್ಲೇ ಇದ್ದುಬಿಡುತ್ತೇನೆ, ಅಂದುಕೊಂಡಳು. ಚಳಿಗಾಲಕ್ಕೆ ಅಮ್ಮ ಕಂಬಳಿ ಕಳಿಸಲಿ.

“ಏಳು, ಏಳು! ಇವತ್ತು ಇಲ್ಲಿ ಕೂತ್ರೆ ಇಬ್ರಿಗೂ ಕೆಟ್ಟದ್ದು.”

ಪೊದೆ ಸರಿಸಿಕೊಂಡು, ಊರುಗೋಲು ಹಿಡಿದು ಬಂದವರು ಟಿಂಕಾ ಅಜ್ಜಿ. ಮಾರ್ಯೆತಾ ಮೇಡಂ ಅವರ ತಾಯಿ. ವಯಸ್ಸು ಎಪ್ಪತ್ತನಾಲ್ಕು. ಹೋದ ವರ್ಷ ಮೊಣಕಾಲಿನ ಆಪರೇಷನ್ ಆದ ಮೇಲೆ ಚರ್ಚು, ಬೇಕರಿ ಬಿಟ್ಟು ಬೇರೆಲ್ಲೂ ಹೋಗಕೂಡದೆಂದು ಮಗಳು ಅಪ್ಪಣೆ ಮಾಡಿದ್ದರು.

“ಅಜ್ಜೀ, ನೀವು ಇಲ್ಲಿ?”

“ದಿನಾ ಬರ್ತೀನಿ, ಕಲ್ಲುಗಣಿ ಕಡೆಯಿಂದ. ನೀನು ಇಲ್ಲಿ ಕೂತು ಗೀಚ್ತಿರ್ತೀಯ, ನೋಡ್ತಾನೇ ಹೋಗ್ತೀನಿ.” ಅಜ್ಜಿ ದನಿ ತಗ್ಗಿಸಿದರು. “ನನ್ನ ಹೆಸರು ಬರೆದ್ರೆ ಯೋಶ್ಕೊ ಓದ್ತಾನೆ, ಸಂಜೆಯೊಳಗೆ ಮಾರ್ಯೆತಾಗೆ ಹೇಳ್ತಾನೆ. ನಿನ್ನ ಹೆಸರು ಇಲ್ಲಿ ಸುಮ್ನೆ ಬಿದ್ದು ಹಾಳಾಗ್ತಿತ್ತು. ಎತ್ಕೊಂಡು ಹೋದೆ.”

“ಸಹಿ ಮಾಡದೇ ಬರಬಹುದಿತ್ತಲ್ಲ?”

ಅಜ್ಜಿ ಅವಳನ್ನು ದುರುಗುಟ್ಟಿ ನೋಡಿದರು. “ಬೆಟ್ಟ ಹತ್ತಿ ಸಹಿ ಮಾಡದೇ ಬರೋದಾ? ಚರ್ಚಿಗೆ ಹೋಗಿ ಶಿಲುಬೆ ಗುರುತು ಹಾಕ್ಕೊಳ್ಳದೇ ಬಂದಂಗೆ ಅದು. ನಡಿ!”

ಊರುಗೋಲಿನ ತುದಿ ಬ್ರೀನಾಳ ಬೆನ್ನಿಗೆ ತಾಗಿತು. ಮುಕ್ಕಾಲು ಗಂಟೆಯ ದಾರಿ ಎರಡು ಗಂಟೆ ಹಿಡಿಯಿತು. ಬ್ರೀನಾಳ ಹತ್ತಿರ ಉಸಿರಿರಲಿಲ್ಲ. ಅಜ್ಜಿಯ ಹತ್ತಿರ ಇಬ್ಬರಿಗಾಗುವಷ್ಟಿತ್ತು, ಅದನ್ನೆಲ್ಲ ಅವರು ಮಾತಿಗೇ ಖರ್ಚು ಮಾಡಿದರು. ಗಂಡನ ಪಿತ್ತಕೋಶ, ನಾದಿನಿಯ ಎರಡನೇ ಮದುವೆ, ಮೂವತ್ತು ವರ್ಷದ ಹಿಂದೆ ಕಳುವಾದ ಸೈಕಲ್ಲು. ತಂಗುಮನೆ ಕಾಣಿಸಿದ್ದೇ ಅಜ್ಜಿ ಕಟ್ಟಿಗೆ ಕೊಟ್ಟಿಗೆಯ ಹಿಂದೆ ಸರಿದು ತುಟಿಯ ಮೇಲೆ ಬೆರಳಿಟ್ಟರು.

ಬ್ರೀನಾ ಕೊನೆಯವಳಾಗಿ ಗುರಿ ಮುಟ್ಟಿದಳು. ಅವರ ತಂಡ ಎರಡು ತಂಡಗಳಲ್ಲಿ ಎರಡನೆಯದಾಗಿ ಬಂತು. ಆದರೂ ಲೆಕ್ಕಕ್ಕೆ ಬಂತಲ್ಲ! ಯಾರೋ ಅಕಾರ್ಡಿಯನ್ ನುಡಿಸಿದರು. ಹುಳಿಕೋಸಿನ ಸಾರು ಹಬೆಯಾಡುತ್ತಿತ್ತು. ಸರಕಿನ ಜೀಪಿನಲ್ಲಿ ಬಂದಿದ್ದ ಮಾರ್ಯೆತಾ ಮೇಡಂ ಮುದ್ರೆ ಹಿಡಿದು ನಿಂತಿದ್ದರು.

“ಬಾ ಮೂವತ್ತೆರಡನೇದು!” ಯೋಶ್ಕೊ ಮಾಮ ಪುಸ್ತಕ ಬಿಚ್ಚಿಟ್ಟರು. “ಸಹಿ ಹಾಕು.”

ಬಾಯಲ್ಲಿ ಎಷ್ಟು ‘ಹೂಂ’ಗಳು ಬಂದರೂ ಬ್ರೀನಾಳ ಪೆನ್ನಿಗೆ ಸುಳ್ಳು ಗೊತ್ತಿರಲಿಲ್ಲ. ತನ್ನ ಹೆಸರನ್ನು ತನ್ನ ಇರುವೆ ಸಾಲಿನಂಥ ಅಕ್ಷರದಲ್ಲೇ ಬರೆದಳು. ಅದೇ ಪುಟದ ಮೇಲ್ಭಾಗದಲ್ಲಿ ಹಿಂದಿನ ದಿನದ ‘ಬ್ರೀನಾ’ ಗಾಳಿಗೆ ವಾಲಿದ ಬೇಲಿಯಂತೆ, ಮೂರು ಸಾಲಿನಗಲಕ್ಕೆ ಕಾಲು ಚಾಚಿ ಮಲಗಿತ್ತು.

ಮಾರ್ಯೆತಾ ಮೇಡಂ ಕನ್ನಡಕ ಮೂಗಿಗಿಳಿಸಿದರು.

“ಈ ಕೈಬರಹ ನಂಗೊತ್ತು. ನಲವತ್ತು ವರ್ಷದಿಂದ ನಮ್ಮನೆ ಜಾಮ್ ಬಾಟಲಿಗಳ ಮೇಲೆ ಓದ್ತಾ ಇದೀನಿ. ಅಮ್ಮಾ!”

ಸಾರಿನ ವಾಸನೆಗೆ ಸೋತು ಅಷ್ಟರಲ್ಲಾಗಲೇ ಬಟ್ಟಲು ಹಿಡಿದು ನಿಂತಿದ್ದ ಟಿಂಕಾ ಅಜ್ಜಿ ಬಾಯಿ ಒರೆಸಿಕೊಂಡರು. “ಕೂಗಾಡಬೇಡ. ಈ ಮೊಣಕಾಲು ಮೂವತ್ತೊಂದು ಸಲ ಹತ್ತಿದೆ. ನಿನ್ನದು ಇವತ್ತು ಜೀಪಲ್ಲಿ ಬಂತು.”

ಜನ ಗೊಳ್ಳೆಂದರು. ಬ್ರೀನಾಳಿಗೆ ಏನೋ ಹಗುರವೆನಿಸಿತು. ಮುಗಿಯಿತು. ಇನ್ನು ನಕ್ಕು ಮನೆಗೆ ಕಳಿಸುತ್ತಾರೆ, ಮಲಗಬಹುದು.

“ಹಾಗಾದ್ರೆ ಈ ಹುಡುಗಿ?” ಯೋಶ್ಕೊ ಮಾಮ ಕೇಳಿದರು.

“ಅವಳಾ?” ಅಜ್ಜಿ ಒಂದು ಕ್ಷಣವೂ ತಡೆಯಲಿಲ್ಲ. “ದಿನಾ ನನ್ನ ಜೊತೆಗೇ ಬರ್ತಿದ್ಲು, ನನ್ನ ಕಾವಲಿಗೆ. ಮೇಲೆ ಬರೋಷ್ಟರಲ್ಲಿ ಅವಳಿಗೆ ಕೈ ನಡುಗುತ್ತೆ, ಅದಕ್ಕೆ ನಾನೇ ಬರೀತಿದ್ದೆ.”

ಮಾರ್ಯೆತಾ ಮೇಡಂ ಕಣ್ಣಲ್ಲಿ ನೀರು ಬಂತು. ಬ್ರೀನಾಳನ್ನು ಬೆವರು, ಮುಲಾಮಿನ ಸಮೇತ ತಬ್ಬಿಕೊಂಡರು.

“ನಂಗೊಂದು ಮಾತೂ ಹೇಳದೇ ಇಷ್ಟು ಮಾಡಿದ್ಯಲ್ಲೇ ತಾಯಿ! ಇನ್ಮೇಲೆ ನಂಗೆ ಚಿಂತೆ ಇಲ್ಲ. ನಾಳೆಯಿಂದ ಬೆಳಿಗ್ಗೆ ಐದೂವರೆಗೆ ಅಮ್ಮನ್ನ ನಿಮ್ಮನೆ ಬಾಗಿಲಿಗೇ ಬಿಡ್ತೀನಿ. ಒಂದು ದಿನಾನೂ ತಪ್ಪಿಸಬೇಡ. ಆಯ್ತಾ?”

ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು. ‘ಹೂಂ’ ಆಗಲೇ ನಾಲಿಗೆಯ ಮೇಲೆ ಬಂದು ಕುಳಿತಿತ್ತು. ಬ್ರೀನಾಳಿಗೆ ಮರಗಳ ಕೆಳಗಿನ ಆ ಬೆಂಚು ಕಣ್ಣಿಗೆ ಕಟ್ಟಿತು, ಅದರ ಒಂದು ತುದಿಯಲ್ಲಿ ಕಳುವಾದ ಸೈಕಲ್ಲಿನ ಕತೆಯೂ ಕಾಣಿಸಿತು. ಆ ‘ಹೂಂ’ ಅನ್ನು ನುಂಗಿಕೊಂಡಳು.

“ಇಲ್ಲ ಮೇಡಂ,” ಎಂದಳು. ದನಿ ಅವಳಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು, ಅಕಾರ್ಡಿಯನ್ ನಿಂತುಹೋಯಿತು. “ನಾನು ಬರ್ತಿದ್ದದ್ದು ಓಡೋಕಲ್ಲ, ಕಾವಲಿಗೂ ಅಲ್ಲ. ಮೂರನೇ ಬೆಂಚಿನ ಮೇಲೆ ಕೂತ್ಕೊಳ್ಳೋಕೆ.”

ಟಿಂಕಾ ಅಜ್ಜಿ ಖಾಲಿ ಬಟ್ಟಲು ಕೆಳಗಿಟ್ಟು, ಮೊಣಕಾಲು ನೀವಿಕೊಳ್ಳುತ್ತ, ಬಹಳ ದಿನದ ಆಸೆ ಕೈಗೂಡಿದವರಂತೆ ನಿಟ್ಟುಸಿರು ಬಿಟ್ಟರು.

“ಅಷ್ಟೇನಾ ಮಗಾ? ಮೊದಲೇ ಹೇಳಬಾರದಿತ್ತಾ. ನಂಗೂ ಹತ್ತಿ ಹತ್ತಿ ಸಾಕಾಗಿದೆ. ನಾಳೆಯಿಂದ ಇಬ್ರೂ ಅಲ್ಲೇ ಕೂತು ಮಾತಾಡೋಣ.”