ಗೋಡೆ ಇದ್ದಾಗ ಕೇಳಿಸುತ್ತಿತ್ತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದರೆ ಮರ್ಯಾದೆ ಹೋಗುತ್ತದೆ: ನಾನು ಕದ್ದು ಕೇಳುವ ಮನುಷ್ಯ. ಹಾಗೆಂದು ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುವಷ್ಟು ಕೆಳಗೆ ಇಳಿದವನಲ್ಲ. ಮನೆಯ ಹಾಲ್‌ನಲ್ಲಿ ನನ್ನ ಕುರ್ಚಿಯಲ್ಲೇ ಕೂತು, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, ಅಡುಗೆಮನೆಯಲ್ಲಿ ಹೆಂಗಸರು ಆಡುವ ಮಾತನ್ನು ಗೋಡೆಯ ಈಚೆಯಿಂದ ಸಭ್ಯವಾಗಿ ಕೇಳಿಸಿಕೊಳ್ಳುತ್ತಿದ್ದೆ, ಅಷ್ಟೇ. ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಯಜಮಾನನ ಎದುರು ನಿಂತು ಯಾರೂ ಹೇಳುವುದಿಲ್ಲ. ಹೇಳಿದರೆ ಅವನು ಸಲಹೆ ಕೊಡಲು ಶುರುಮಾಡುತ್ತಾನೆ ಎಂಬ ಭಯ. ಹಾಗಾಗಿ ಸಂಸಾರಸ್ಥರೆಲ್ಲ ಈ ವಿದ್ಯೆಯನ್ನು ಅಷ್ಟಿಷ್ಟು ಕಲಿತೇ ಇರುತ್ತಾರೆ. ಇಲ್ಲ ಎನ್ನುವವರ ಮನೆಯ ಗೋಡೆ ಬಹಳ ದಪ್ಪ ಇರಬೇಕು.

ನಾನು ಎಸ್ಟೇಟ್ ರೈಟರ್. ಮೈಸೂರಿನ ನೆಂಟರೊಬ್ಬರು ಇದನ್ನು ಕೇಳಿ ಬಹಳ ಗೌರವದಿಂದ "ಯಾವ್ಯಾವ ಪುಸ್ತಕ ಬರೆದಿದ್ದೀರಿ?" ಎಂದಿದ್ದರು. "ಚೆಕ್‌ರೋಲ್" ಎಂದೆ. ತೋಟದ ಆಳುಗಳ ಹಾಜರಿ ಪುಸ್ತಕ ಅದು. ಅವರು ಏನು ತಿಳಿದರೋ, "ಓದಬೇಕು, ಓದಬೇಕು" ಎಂದು ತಲೆಯಾಡಿಸಿದರು. ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿದೆ, ಅಪ್ಪ ಕಟ್ಟಿಸಿದ್ದು. ಹಾಲಿಗೂ ಅಡುಗೆಮನೆಗೂ ನಡುವೆ ಒಂದು ಮಣ್ಣಿನ ಗೋಡೆ ಇತ್ತು. ಮಣ್ಣು ಸಾಲಲಿಲ್ಲವೋ ಉತ್ಸಾಹ ಸಾಲಲಿಲ್ಲವೋ, ಅಪ್ಪ ಅದನ್ನು ಹಂಚಿನ ಮಾಡಿನವರೆಗೆ ಏರಿಸಿರಲಿಲ್ಲ. ಆಳೆತ್ತರಕ್ಕಿಂತ ಒಂದು ಮೊಳ ಮೇಲೆ ಹೋಗಿ ನಿಂತುಬಿಟ್ಟಿತ್ತು. ಮೇಲಿನ ಆ ಸಂದಿನಿಂದ ಒಲೆಯ ಹೊಗೆ, ಒಣಮೀನು ಸುಡುವ ವಾಸನೆ, ಹೆಂಗಸರ ಮಾತು ಮೂರೂ ಹಾಲಿಗೆ ಬರುತ್ತಿದ್ದವು.

ಆ ಗೋಡೆಯಿಂದ ನನಗೆ ಸಿಕ್ಕ ದೊಡ್ಡ ಉಪಕಾರವೆಂದರೆ ನನ್ನ ತಂಗಿ ಯಮುನಾಳ ಸುದ್ದಿ. ಅವಳನ್ನು ಕರಿಕೆಗೆ ಕೊಟ್ಟಿದ್ದೇವೆ. ಕೇರಳದ ಗಡಿಯ ಊರು. ಭಾಗಮಂಡಲದಿಂದ ಕಾಡಿನ ದಾರಿ ಹಿಡಿದು ಜೀಪಿನಲ್ಲಿ ಘಟ್ಟ ಇಳಿಯಬೇಕು. ಅವಳಿಗೆ ಹುಟ್ಟಿನಿಂದಲೇ ಒಂದು ಬಿಗುಮಾನ. ಅಣ್ಣನೆದುರು ಕಷ್ಟ ಹೇಳಿಕೊಂಡರೆ ಗಂಡನ ಮನೆಯ ಮಾನ ಹೋಗುತ್ತದೆ ಎಂದು ಲೆಕ್ಕ. ಬಂದ ಕೂಡಲೇ ನನಗೆ "ಎಲ್ಲ ಒಳ್ಳೇದುಟ್ಟು ಅಣ್ಣ" ಎಂದು ವರದಿ ಒಪ್ಪಿಸಿ ಸೀದಾ ಅಡುಗೆಮನೆಗೆ ಹೋಗುವಳು. ಅಲ್ಲಿ ನನ್ನ ಹೆಂಡತಿ ಜಾನಕಿಯ ಪಕ್ಕ ಮಣೆ ಎಳೆದುಕೊಂಡು "ಎಂತ ಮಾಡ್ದು ಅತ್ತಿಗೆ" ಎಂದು ಶುರುಮಾಡಿದರೆ, ಒಳ್ಳೆಯದಿಲ್ಲದ್ದೆಲ್ಲ ಒಂದೊಂದಾಗಿ ಹೊರಗೆ ಬರುತ್ತಿತ್ತು. ನಮ್ಮದು ಅರೆಭಾಷೆ, ‘ಉಟ್ಟು’ ಅಂದರೆ ಇದೆ, ‘ಎಂತ ಮಾಡ್ದು’ ಅಂದರೆ ಏನು ಮಾಡೋದು; ಓದುವವರಿಗೆ ತಿಳಿಯಲಿ ಎಂದು ಮನೆಮಾತನ್ನು ಸ್ವಲ್ಪ ತಿದ್ದಿ ಬರೆಯುತ್ತಿದ್ದೇನೆ, ನಮ್ಮವರು ಬೈಯಬಾರದು.

ಒಂದು ಸಲ ಗಾಳಿಗೆ ಅವಳ ಕೊಟ್ಟಿಗೆಯ ಹಂಚು ಹಾರಿಹೋಗಿತ್ತು, ಗಂಡ ಇವತ್ತು ನಾಳೆ ಎನ್ನುತ್ತಿದ್ದ. ಗೋಡೆಯ ಮೇಲಿನಿಂದ ಸುದ್ದಿ ನನಗೆ ಬಂತು. ಮುಂದಿನ ಭಾನುವಾರ "ಜೇನುತುಪ್ಪ ಸಿಕ್ಕುತ್ತದಾ ಅಂತ ಬಂದೆ" ಎಂದು ಕರಿಕೆಗೆ ಹೋದೆ. ಜೇನು ಕೇಳಲು ಬಡಗಿಯನ್ನು ಯಾಕೆ ಕರೆದುಕೊಂಡು ಹೋದೆ ಎಂದು ಯಾರೂ ಕೇಳಲಿಲ್ಲ. ಇನ್ನೊಂದು ಸಲ ಅವಳ ಮಗಳಿಗೆ ನರ್ಸಿಂಗ್ ಓದುವ ಆಸೆ, ಹುಡುಗಿಯ ಅಪ್ಪ ಬೇಡ ಎನ್ನುತ್ತಿದ್ದ. ನಾನು ಹೋಗಿ, ಊಟದ ನಡುವೆ, ಯಾವ ಸಂಬಂಧವೂ ಇಲ್ಲದೆ ಜಗತ್ತಿನ ನರ್ಸುಗಳನ್ನೆಲ್ಲ ಹೊಗಳಿ ಬಂದೆ. ಹುಡುಗಿ ಓದಿದಳು. "ಭಾವ, ನಿಮಗೆ ಇದೆಲ್ಲ ಹೆಂಗೆ ಗೊತ್ತಾಗ್ತದೆ?" ಎಂದು ಯಮುನಾಳ ಗಂಡ ಬೆರಗಾಗುತ್ತಿದ್ದ. "ಒಡಹುಟ್ಟಿದವಳಲ್ವಾ, ಮನಸ್ಸಿಗೆ ತೋಚುತ್ತದೆ" ಎನ್ನುತ್ತಿದ್ದೆ. ಹೇಳಿ ಹೇಳಿ ನಾನೂ ನಂಬಿಬಿಟ್ಟಿದ್ದೆ. ಅದೇ ನೋಡಿ ಎಡವಟ್ಟಾದದ್ದು.

ಹೋದ ವರ್ಷ ನಮ್ಮ ತೋಟದ ಸಾಹುಕಾರರು ಬಂಗಲೆಯನ್ನು ಹೊಸದು ಮಾಡಿಸಿದರು. ಚೆಕ್‌ರೋಲ್ ತೋರಿಸಲು ಹೋದವನು ಬಾಗಿಲಲ್ಲೇ ನಿಂತೆ. ಒಳಗೆ ಗೋಡೆಯೇ ಇಲ್ಲ! ಸೋಫಾ, ಊಟದ ಮೇಜು, ಒಲೆ ಎಲ್ಲ ಒಂದೇ ಕಡೆ, ಮದುವೆ ಛತ್ರದ ಹಾಗೆ. "ಓಪನ್ ಪ್ಲಾನ್ ರೈಟ್ರೇ. ಗೋಡೆ ಇದ್ರೆ ಮನೆಯವರು ದೂರ ಆಗ್ತಾರೆ" ಎಂದರು ಸಾಹುಕಾರರು. ಆ ಮನೆಯಲ್ಲಿ ಇದ್ದದ್ದು ಇಬ್ಬರೇ, ಗಂಡ ಈ ತುದಿಯಲ್ಲಿ ಹೆಂಡತಿ ಆ ತುದಿಯಲ್ಲಿ, ಇಬ್ಬರ ಕೈಯಲ್ಲೂ ಫೋನು. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ಮಣ್ಣಿನ ಗೋಡೆ ಮಾತ್ರ ದಾರಿಯುದ್ದಕ್ಕೂ ಕಣ್ಣಿಗೆ ಚುಚ್ಚಿತು.

ಗೋಡೆ ಒಡೆಸುತ್ತೇನೆ ಎಂದೆ. "ಅದು ಯಾಕೆ ಬೇಕು? ಅಡುಗೆಮನೆ ಅಂದ್ರೆ ನಾಲ್ಕು ಜನ ನೋಡೋ ಜಾಗವಾ?" ಎಂದಳು ಜಾನಕಿ. "ನೀನು ಒಬ್ಬಳೇ ಒಳಗೆ ಕೊಳೆಯಬಾರದು ಅಂತ ನಿನ್ನ ಒಳ್ಳೆಯದಕ್ಕೇ" ಎಂದೆ. ಮೇಸ್ತ್ರಿ ಗೋಡೆಯನ್ನು ಕೈಯಿಂದ ಸವರಿ ನೋಡಿ, "ಈ ಪಾಪದ ಗೋಡೆ ನಿಮಗೆ ಎಂತ ಮಾಡಿತ್ತು ರೈಟ್ರೇ?" ಎಂದು ಕೇಳಿದ. ನನಗೆ ಸಿಟ್ಟೇ ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಪ್ಪ ಒಂದು ಬೇಸಿಗೆ ಪೂರ್ತಿ ಕಟ್ಟಿದ್ದು ಮಧ್ಯಾಹ್ನದ ಊಟದೊಳಗೆ ನೆಲಕ್ಕೆ ಬಂತು.

ಆಮೇಲಿನ ಸಣ್ಣಪುಟ್ಟ ಸಂಕಟಗಳನ್ನು ದೊಡ್ಡದು ಮಾಡುವುದಿಲ್ಲ. ಒಣಮೀನಿನ ವಾಸನೆ ಮೊದಲು ಬಂದು ಹೋಗುತ್ತಿತ್ತು, ಈಗ ಸೋಫಾದಲ್ಲಿ ಖಾಯಂ ಆಯಿತು. ಮಿಕ್ಸಿ ತಿರುಗುವಾಗಲೇ ಟಿವಿಯವರು ಮುಖ್ಯ ಸುದ್ದಿ ಓದುತ್ತಾರೆ. ಬಂದವರಿಗೆ "ಊಟ ಮಾಡಿಯೇ ಹೋಗಬೇಕು" ಎಂದು ಒತ್ತಾಯ ಮಾಡುವಾಗ, ತಳ ಕಾಣುತ್ತಿರುವ ಅನ್ನದ ಪಾತ್ರೆ ಅವರ ಕಣ್ಣೆದುರೇ ಇರುತ್ತದೆ. ಜಾನಕಿ ಅದಕ್ಕೆ ಮುಚ್ಚಳ ಮುಚ್ಚಿದರೆ ಅದೂ ಕಾಣುತ್ತದೆ. ಇದಕ್ಕೆಲ್ಲ ನಾನು ಜಗ್ಗಲಿಲ್ಲ. ಎಲ್ಲರೂ ಒಟ್ಟಿಗೆ ಇದ್ದೇವಲ್ಲ ಎಂದು ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ.

ಯಮುನಾ ಆಮೇಲೆ ಎರಡು ಸಲ ಬಂದಳು. "ಎಲ್ಲ ಒಳ್ಳೇದುಟ್ಟು ಅಣ್ಣ" ಎಂದವಳು ಅಭ್ಯಾಸಬಲದಿಂದ ಒಳಗೆ ಹೆಜ್ಜೆ ಇಟ್ಟಳು. ಇಡಲು ಒಳಗು ಎಂಬುದೇ ಇರಲಿಲ್ಲ. ಸೋಫಾದ ತುದಿಯಲ್ಲಿ ಕೂತು ಏಲಕ್ಕಿ, ಮಳೆ, ಧಾರಾವಾಹಿ ಮಾತಾಡಿದಳು. ಎರಡನೇ ಸಲ ಬಂದಾಗ ಎದ್ದು ಎದ್ದು ಒಲೆಯ ಹತ್ತಿರ ಹೋಗಿ ಜಾನಕಿಯ ಪಕ್ಕ ನಿಲ್ಲುತ್ತಿದ್ದಳು. ನಾನು ಸೋಫಾದಿಂದಲೇ, "ಏನದು ಪಿಸಿಪಿಸಿ? ಈಗ ಗೋಡೆ ಇಲ್ಲ, ನಮಗೂ ಹೇಳಿ!" ಎಂದು ಜೋರಾಗಿ ನಕ್ಕೆ. ಅವಳೂ ನಕ್ಕಳು. ಚಹಾ ಕುಡಿದು ಸಂಜೆಯ ಜೀಪಿಗೆ ಹೋದಳು. ಅವಳ ಕಷ್ಟವೆಲ್ಲ ಮುಗಿದಿದೆ ಎಂದು ನಾನು ಸಂತೋಷಪಟ್ಟೆ. ಎಂಥ ಪೆದ್ದ ನೋಡಿ.

ಭಾಗಮಂಡಲದ ಒಂದು ಮದುವೆಯಲ್ಲಿ ಯಮುನಾಳ ಗಂಡ ಒಬ್ಬನೇ ಸಿಕ್ಕಿದ. "ಯಮುನಾ ಎಲ್ಲಿ ಭಾವ?" ಎಂದೆ. ಅವನು ನನ್ನ ಮುಖವನ್ನೇ ನೋಡಿದ. "ಆಪರೇಷನ್ ಆಗಿ ತಿಂಗಳಾತು, ಇನ್ನೂ ಓಡಾಡುವ ಹಾಗಿಲ್ಲೆ. ಗರ್ಭಕೋಶ ತೆಗೆದ್ರು. ಸುಳ್ಯದ ಆಸ್ಪತ್ರೆಲಿ ಎಂಟು ದಿನ ಇದ್ದಳು" ಎಂದ. "ಒಂದು ಫೋನಾದರೂ ಮಾಡಬಾರದಿತ್ತಾ?" ಎಂದು ನಾನು ರೇಗಿದೆ. ಅವನು ಬಹಳ ಮೆತ್ತಗೆ, "ನಿಮಗೆ ಹೆಂಗೂ ಮನಸ್ಸಿಗೆ ಗೊತ್ತಾಗ್ತದಲ್ಲ ಭಾವ. ಇವತ್ತು ಬರ್ತೀರಿ, ನಾಳೆ ಬರ್ತೀರಿ ಅಂತ ಇದ್ದೆ" ಎಂದ. ಆ ದಿನ ನನ್ನ ಎಲೆಯ ಮೇಲೆ ಏನೇನು ಬಡಿಸಿದರು ಎಂದು ನನಗೆ ಗೊತ್ತಿಲ್ಲ.

ಮನೆಗೆ ಬಂದು ಹೇಳಿದಾಗ ಜಾನಕಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ಹೇಳಬೇಕು ಅಂತಲೇ ಅವತ್ತು ನನ್ನ ಹತ್ರ ಬಂದು ಬಂದು ನಿಂತದ್ದು ಅವಳು. ನೀವು ನಗಾಡಿದಿರಿ" ಎಂದಳು. ನಾನು ತೊದಲುತ್ತಾ, ಮೊದಲಾದರೆ ನನಗೆ ತಾನಾಗಿ ಕೇಳಿಸುತ್ತಿತ್ತು, ಪಾಪ ಅವಳಿಗೆ ಗೊತ್ತಿಲ್ಲದೆಯೇ ನಾನು ಎಲ್ಲ ಕೇಳುತ್ತಿದ್ದೆ ಎಂದು ನನ್ನ ಹಳೆಯ ಗುಟ್ಟನ್ನು ಒಪ್ಪಿಸಿದೆ. ಜಾನಕಿ ನನ್ನನ್ನು ಕನಿಕರದಿಂದ ನೋಡಿದಳು. "ಗೊತ್ತಿಲ್ಲದೆಯಾ? ಒಗ್ಗರಣೆ ಹಾಕುವಾಗ ಅವಳು ಮಾತು ನಿಲ್ಲಿಸ್ತಿದ್ದಳು. ‘ತಡೀರಿ ಅತ್ತಿಗೆ, ಈ ಸದ್ದು ಮುಗೀಲಿ, ಅಣ್ಣಂಗೆ ಕೇಳುದಿಲ್ಲೆ’ ಅಂತ."

ಇಷ್ಟು ವರ್ಷ ನಾನು ಕದ್ದು ಕೇಳಿದ್ದಲ್ಲ. ಅವಳು ನನಗೇ ಹೇಳುತ್ತಿದ್ದಳು. ಎದುರು ಹೇಳಲಾಗದ್ದನ್ನು ಹೇಳಲು ಅವಳಿಗೆ ಇದ್ದದ್ದು ಅದೊಂದು ಗೋಡೆ. ಅದನ್ನು ನಾನು ಸಾಹುಕಾರರ ಸೋಫಾ ನೋಡಿ ಒಡೆಸಿ, ಮಣ್ಣನ್ನು ಬಾಳೆಯ ಬುಡಕ್ಕೆ ಹಾಕಿಸಿದ್ದೆ.

ಯಮುನಾ ಸ್ವಲ್ಪ ಸುಧಾರಿಸಿದ ಮೇಲೆ ಕರಿಕೆಗೆ ಹೋಗಿ ಅವಳನ್ನು ನಾಲ್ಕು ದಿನ ಇರಲಿ ಎಂದು ಕರೆತಂದೆ. ಜೀಪಿನಲ್ಲಿ ದಾರಿಯುದ್ದಕ್ಕೂ ‘ತಪ್ಪಾಯಿತು ಯಮುನಾ’ ಎಂಬ ಎರಡು ಪದವನ್ನು ಬಾಯಿಪಾಠ ಮಾಡಿದೆ. ಮನೆಗೆ ಬಂದು ಎದುರುಬದುರು ಕೂತ ಮೇಲೆ ಬಾಯಿಂದ ಹೊರಟದ್ದು "ಚಹಾಕ್ಕೆ ಸಕ್ಕರೆ ಸಾಕಾ?" ಎಂದು. ಅವಳು "ಸಾಕಣ್ಣ" ಎಂದಳು. ಸೊರಗಿ ಅರ್ಧ ಆಗಿದ್ದಳು. ಆ ಮುಖ ನೋಡುತ್ತಾ ಕೂರಲಾಗದೆ ಎದ್ದು ಹಿಂದಿನ ಅಂಗಳಕ್ಕೆ ಹೋದೆ. ಅಲ್ಲಿ ಜಾನಕಿ ಟಾರ್ಪಾಲಿನ ಮೇಲೆ ಕರಿಮೆಣಸು ಹರಡುತ್ತಿದ್ದಳು. ಒಲೆಯ ಪಕ್ಕದ ಕಿಟಕಿ ತೆರೆದಿತ್ತು. ನನಗೇನಾಯಿತೋ, ಎರಡು ಮಾರು ದೂರದಲ್ಲಿದ್ದ ಹೆಂಡತಿಗೆ ಗುಡ್ಡದಾಚೆಯವಳನ್ನು ಕರೆದ ಹಾಗೆ ಕೂಗಿದೆ: "ಜಾನಕೀ! ಯಮುನಾ ಆಸ್ಪತ್ರೆಲಿ ಇದ್ದಾಗ ನಾನು ಹೋಗಲಿಲ್ಲ! ಅವಳು ಹೇಳ್ಲಿಕ್ಕೆ ಬಂದಿದ್ದಳು, ನಾನು ಹೇಳಗೊಡಲಿಲ್ಲ! ನಂದು ತಪ್ಪಾಯ್ತು!"

"ಅದನ್ನ ನಂಗ್ಯಾಕೆ ಹೇಳ್ತೀರಿ? ಅವಳಿಗೆ ಹೇಳಿ!" ಎಂದು ಜಾನಕಿಯೂ ಅಷ್ಟೇ ಜೋರಾಗಿ ಕೂಗಿದಳು.

"ಅವಳ ಎದುರು ಹೇಳ್ಲಿಕ್ಕೆ ಆಗುದಿಲ್ಲೆ!"

ಒಳಗೆ ಕಿಟಕಿಯ ಹತ್ತಿರ ಮಣೆ ಎಳೆದ ಸದ್ದಾಯಿತು. "ಎಂತ ಮಾಡ್ದು ಅತ್ತಿಗೆ" ಎಂದಳು ಯಮುನಾ. "ಎಂಟು ದಿನ ಬಾಗಿಲನ್ನೇ ನೋಡ್ತಾ ಮಲಗಿದ್ದೆ. ಯಾರ ಚಪ್ಪಲಿ ಸದ್ದಾದ್ರೂ ಅಣ್ಣ ಬಂದ್ರು ಅಂತ ತಲೆ ಎತ್ತುತ್ತಿದ್ದೆ. ಪಕ್ಕದ ಮಂಚದವಳು, ‘ತವರಲ್ಲಿ ಯಾರೂ ಇಲ್ಲವಾ’ ಅಂತ ಕೇಳಿದಳು. ‘ಇದ್ದಾರೆ, ದೂರ’ ಅಂದೆ."

ಒಳಗೆ ಓಡಲು ಹೊರಟವನ ತೋಳನ್ನು ಜಾನಕಿ ಹಿಡಿದಳು. "ಹೋಗಬೇಡಿ. ಹೋದ್ರೆ ನಿಲ್ಲಿಸ್ತಾಳೆ." ನಿಂತೆ. ಯಮುನಾ ನೋವಿನ ಮಾತು ಹೇಳಿದಳು, ಮಗಳಿಗೆ ಬಂದ ಸಂಬಂಧದ ಮಾತು ಹೇಳಿದಳು, ಅತ್ತಳು, ಮೂಗು ಒರೆಸಿಕೊಂಡಳು. ನಾನು ಕಿಟಕಿಯ ಪಕ್ಕದ ಹೊರಗೋಡೆಗೆ ಮುಖ ಮಾಡಿಕೊಂಡು ಎಲ್ಲವನ್ನೂ ಕೇಳಿದೆ. ಕೊನೆಗೆ ಅವಳು ಸ್ವಲ್ಪ ದನಿ ಎತ್ತಿ, "ಅತ್ತಿಗೆ, ಇನ್ನು ಒಳಗೆ ಗೋಡೆ ಕಟ್ಟಿಸುದೆಲ್ಲ ಬೇಡ ಅಂತ ಹೇಳಿ. ಅಣ್ಣ ಹೊರಗೆ ನಿಂತ್ರೆ ಸಾಕು" ಎಂದಳು.

ಮನೆಯವರೆಲ್ಲ ಒಟ್ಟಿಗೆ ಕೂರಲಿ ಎಂದು ಗೋಡೆ ಒಡೆಸಿದವನು, ತಂಗಿ ಬಂದಳೆಂದರೆ ಈಗ ತಲೆಗೆ ಟವೆಲ್ ಕಟ್ಟಿಕೊಂಡು ಅಂಗಳಕ್ಕೆ ಇಳಿಯುತ್ತೇನೆ. ಮೆಣಸು ಒಣಗಿ ಚೀಲ ಸೇರಿ ಎರಡು ತಿಂಗಳಾಯಿತು. ಆದರೂ ಕಿಟಕಿಯ ಕೆಳಗೆ ಕೂತು, ಬರಿಯ ಟಾರ್ಪಾಲನ್ನೇ ಕೈಯಿಂದ ಹರಡುತ್ತಿರುತ್ತೇನೆ, ಆದಷ್ಟು ಸದ್ದಾಗದ ಹಾಗೆ.