ವೇಗ ತಗ್ಗಿಸಿದ ಭಾವ

ಇಡೀ ಊರು ಇಂಟರ್ನೆಟ್ಟಿಗೆ ಇನ್ನಷ್ಟು ವೇಗ ಬೇಕೆಂದು ಒದ್ದಾಡುವಾಗ, ಇದ್ದ ವೇಗವನ್ನೂ ಬೇಕೆಂದೇ ಕಡಿಮೆ ಮಾಡಿಕೊಂಡು ಎದೆ ಉಬ್ಬಿಸಿ ತಿರುಗಿದ ಮನುಷ್ಯ ಶಿರಸಿಯಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಅಕ್ಕನ ಗಂಡ! ಮೊದಮೊದಲು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತಿತ್ತು. ಈಗ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತೇನೆ.

ಭಾವ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಯಾವ ಬಸ್ಸು ಯಾವಾಗ ಹೊರಡಬೇಕೆಂದು ಹೇಳುವ ಕೆಲಸ. ಕೆಲಸ ಬಿಟ್ಟರೂ ಅಭ್ಯಾಸ ಬಿಡಬೇಕಲ್ಲ! ಯಾರದೋ ಮದುವೆಯಲ್ಲಿ ಪಂಕ್ತಿ ತಡವಾದರೆ ಇವರೇ ಎದ್ದು ನಿಂತು, “ಸಿದ್ದಾಪುರದವ್ರು ಮೊದ್ಲು ಕೂತ್ಕಳಿ, ನಿಂಗಳ ಬಸ್ಸಿಗೆ ಹೊತ್ತಾತು!” ಎಂದು ಕೂಗುತ್ತಾರೆ. ತಮ್ಮದೇ ಮದುವೆಯಲ್ಲಿ ಪುರೋಹಿತರಿಗೆ ಎರಡು ಸಲ ಗಡಿಯಾರ ತೋರಿಸಿದ್ದರಂತೆ.

ಕಳೆದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು, ಮಾತು ಬರಲಿಲ್ಲ. ಒಂದು ವಾರಕ್ಕೆಂದು ಸಿದ್ದಾಪುರದಿಂದ ಹೋದ ನಾನು ಮೂರು ತಿಂಗಳು ಉಳಿದೆ. ಮಾತು ಕಲಿಸುವ ಮೇಡಂ ಒಬ್ಬರು ಹುಬ್ಬಳ್ಳಿಯಿಂದ ದಿನಾ ಹತ್ತೂವರೆಗೆ ಟ್ಯಾಬಿಗೆ ವಿಡಿಯೋ ಕಾಲ್ ಮಾಡುತ್ತಿದ್ದರು. ಗಾದೆಯ ಅರ್ಧ ಅವರು ಹೇಳಬೇಕು, ಉಳಿದರ್ಧ ಅಕ್ಕ.

“ಉಪ್ಪಿಗಿಂತ...?” ಎನ್ನುವರು ಮೇಡಂ. ಅಕ್ಕ ಹಣೆಯಲ್ಲಿ ಬೆವರು ಮೂಡಿಸಿಕೊಂಡು “ರುಚಿಯಿಲ್ಲ” ಎನ್ನುವಳು. ಆ ಮಾತು ಹುಬ್ಬಳ್ಳಿ ಮುಟ್ಟುವುದರೊಳಗೆ ಮೇಡಂ ಕಾದು ಕಾದು “ತಾಯಿಗಿಂತ...?” ಎಂದಾಗಿರುತ್ತಿತ್ತು. ಅವರಿಗೆ ಕೇಳಿದ್ದೇನು? ತಾಯಿಗಿಂತ ರುಚಿಯಿಲ್ಲ! “ಅಲ್ಲಮ್ಮಾ, ಇನ್ನೊಮ್ಮೆ ಯೋಚನೆ ಮಾಡಿ” ಎನ್ನುವರು ಪಾಪ. ಸರಿಯಾದದ್ದನ್ನೇ ಹೇಳಿ ತಪ್ಪೆನಿಸಿಕೊಂಡ ಅಕ್ಕ, ನಾಲ್ಕನೆಯ ದಿನದಿಂದ ಬಾಯಿ ತೆರೆಯುವುದನ್ನೇ ನಿಲ್ಲಿಸಿದಳು. ಮೊದಲ ಕೆಲವು ತಿಂಗಳಲ್ಲಿ ಬಂದಷ್ಟು ಮಾತು ಆಮೇಲೆ ಬರುವುದು ಕಷ್ಟ ಎಂದು ಮೇಡಂ ಮೊದಲೇ ಹೇಳಿದ್ದರು.

ತೊಂದರೆಯ ಮೂಲ ಮಹಡಿಯ ಮೇಲಿತ್ತು. ಅಲ್ಲಿ ಬಾಡಿಗೆಗಿದ್ದವನು ಕಿರವತ್ತಿಯ ಇಮ್ತಿಯಾಜ್. ಮದುವೆ ವಿಡಿಯೋ ತೆಗೆಯುವವನು. ಅವನದೂ ಅಕ್ಕನದೂ ಒಂದೇ ನೆಟ್ಟು. ಬೆಳಗಿನ ಹೊತ್ತು ಇಡಿಯಿಡೀ ಮದುವೆಗಳನ್ನು ಅದರಲ್ಲೇ ಕಳಿಸುತ್ತಿದ್ದ.

“ಅರ್ಧ ತಾಸು ನಿಲ್ಸು ಹೇಳಿ ಹೇಳಲಾಗ್ತಿಲ್ಯ ಭಾವ?” ಎಂದೆ.

ಭಾವ ಸಿಡಿದರು. “ಟಿಕೆಟ್ ತಗಂಡವ್ನ ಆನು ಯಾವತ್ತಾದ್ರೂ ಬಸ್ಸಿಂದ ಇಳಿಸಿದ್ನ? ಅವಂದೂ ಪಾಲಿದ್ದು. ಎಲ್ಲರೂ ಹೋಗವು, ಸರಿಯಾಗಿ ಹೋಗವು!”

ನೆಟ್ಟು ಹಂಚುವ ರೂಟರಿನಲ್ಲಿ ಯಾರಿಗೆ ಎಷ್ಟು ದಾರಿ, ಯಾರು ಮೊದಲು ಎಂದು ಗೊತ್ತುಮಾಡುವ ಸೆಟ್ಟಿಂಗ್ ಇದೆಯೆಂದು ಯಾವುದೋ ಮಾತಿನ ನಡುವೆ ಇಮ್ತಿಯಾಜನೇ ಬಾಯಿಬಿಟ್ಟ. ಅಷ್ಟು ಸಾಲದೇ? ಭಾವ ಆ ಬಿಳಿ ಡಬ್ಬಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು.

ವಿಳಂಬ ಅಳೆಯಲು ಅವರು ಹುಡುಕಿದ ಯಂತ್ರ ಯಾವುದು ಗೊತ್ತೆ? ಕುಕ್ಕರ್! ಮನೆಯ ನೆಟ್ಟಿನ ಟ್ಯಾಬು ಅಡುಗೆಮನೆಯಲ್ಲಿ, ಸಿಮ್ಮಿನ ನೆಟ್ಟಿನ ಫೋನು ಹಿಡಿದು ಭಾವ ಜಗಲಿಯಲ್ಲಿ, ನಡುವೆ ಕಾಲ್. ಸೀಟಿ ಒಮ್ಮೆ ಗೋಡೆ ದಾಟಿ ಕೇಳಬೇಕು, ಒಮ್ಮೆ ಫೋನಿನಲ್ಲಿ. ಎರಡರ ನಡುವಿನ ಅಂತರ ಎಷ್ಟೋ ವಿಳಂಬ ಅಷ್ಟು. ಬರೆದುಕೊಳ್ಳುವವಳು ನಾನು: ಮಂಗಳವಾರ, ಮೂರನೇ ಸೀಟಿ, ಎರಡೂವರೆ ಸೆಕೆಂಡು. ಒಂದೊಂದು ಸೆಟ್ಟಿಂಗಿಗೂ ಐದು ಸೀಟಿಯಾದರೂ ಬೇಕಂತೆ! ಆ ವಾರ ನಾವು ಉಂಡದ್ದು ಅನ್ನವೋ ಅಂಟೋ ದೇವರೇ ಬಲ್ಲ.

ವಾರ ಕಳೆದರೂ ಅಂತರ ಇಳಿಯಲಿಲ್ಲ. ಯಾಕೆಂದರೆ ಭಾವ ಮಿತಿ ಹಾಕಿದ್ದೆಲ್ಲ ಒಳಗೆ ಬರುವ ದಾರಿಗೆ. ಇಮ್ತಿಯಾಜನ ಮದುವೆಗಳು ಅಡ್ಡ ನಿಂತದ್ದು ಹೊರಗೆ ಹೋಗುವ ದಾರಿಯಲ್ಲಿ! “ಬರೋ ಬಸ್ಸಿನ ದಾರಿ ಕಾದೂ ಕಾದೂ ಕಣ್ಣು ಆ ಬದಿಗೇ ಹೋಗ್ತು ಮಾರಾಯ್ತಿ” ಎಂದು ಹಣೆ ಚಚ್ಚಿಕೊಂಡರು.

ಆಮೇಲೆ ಹೊರಹೋಗುವ ವೇಗವನ್ನು ಐವತ್ತು ಎಂಬಿಯಿಂದ ಇಳಿಸತೊಡಗಿದರು. “ಇಳಿಸಿದ್ರೆ ಬೇಗ ಹೆಂಗೆ ಹೋಗ್ತು ಭಾವ? ನಿಂಗಕ್ಕೆ ತಲೆ ಸರಿ ಇದ್ದಾ?” ಎಂದೆ.

“ಐದು ಬಸ್ಸು ಒಟ್ಟಿಗೇ ಗೇಟಿಗೆ ನುಗ್ಗಿದ್ರೆ ಯಾವ್ದೂ ಹೋಗ್ತಿಲ್ಲೆ ತಂಗಿ. ಒಳಗೇ ನಿಲ್ಲಿಸ್ಕಂಡು ಒಂದೊಂದೇ ಬಿಡವು.”

ಹುಮ್ಮಸ್ಸಿನಲ್ಲಿ ಒಂದು ದಿನ ಎರಡಕ್ಕೇ ಇಳಿಸಿಬಿಟ್ಟರು. ಇಮ್ತಿಯಾಜ್ ಮೆಟ್ಟಿಲಿಳಿದು ಬಂದ. “ಅಂಕಲ್, ನಿನ್ನೆಯಿಂದ ಮದುಮಗ ತಾಳಿ ಹಿಡ್ಕೊಂಡೇ ಕೂತಾನ್ರಿ! ಕಟ್ಟಾಕ ಬಿಡ್ರಿ!”

“ಮುಹೂರ್ತ ತಪ್ಪಿಸೋದಿಲ್ಲ ಮಾರಾಯಾ. ನಿಂದು ಲಾರಿ, ನಮ್ಮನೆಯವಳ ಮಾತು ಸೈಕಲ್ಲು. ಸೈಕಲ್ಲು ಮೊದ್ಲು ದಾಟ್ಲಿ.”

“ಆಂಟಿ ಸಲುವಾಗಿ ಏನ್ರಿ? ಮೊದ್ಲೇ ಹೇಳಬಾರ್ದಾ!” ಎಂದವನು ಅಂದಿನಿಂದ ತಾನೇ ಪರೀಕ್ಷೆಯ ಪಾಲುದಾರನಾದ. ಮೇಲಿನಿಂದ “ಲಾರಿ ಬಿಟ್ಟೆ ಅಂಕಲ್!” ಎಂದು ಕೂಗುವನು, ಕೆಳಗೆ ನಾನು ಒಲೆ ಹಚ್ಚುವೆ.

ಕೊನೆಗೆ ನಲವತ್ತಕ್ಕೆ ನಿಲ್ಲಿಸಿ, ಟ್ಯಾಬಿಗೆ ಮೊದಲ ಸ್ಥಾನ ಕೊಟ್ಟ ದಿನ ಕುಕ್ಕರ್ ಕೂಗಿತು ನೋಡಿ! ಗೋಡೆಯ ಸೀಟಿಯ ಬೆನ್ನಿಗೇ ಫೋನಿನ ಸೀಟಿ. ಮೇಲೆ ಮದುವೆಯೂ ಸಾಂಗವಾಗಿ ಹೋಗುತ್ತಿತ್ತು.

ಮರುದಿನ ಅಕ್ಕನನ್ನು ಕೈಹಿಡಿದು ಟ್ಯಾಬಿನ ಮುಂದೆ ಕೂರಿಸಿದೆ. “ಉಪ್ಪಿಗಿಂತ...?” ಎಂದರು ಮೇಡಂ. ಅಕ್ಕ “ರುಚಿಯಿಲ್ಲ” ಎಂದಳು. “ಹಾಂ, ಸರಿ!” ಎಂದು ಕೂಡಲೇ ಬಂತು ಉತ್ತರ. ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಮತ್ತೊಂದು ಗಾದೆ ಕೇಳಿದರು, ಅದಕ್ಕೂ ಹೇಳಿದಳು.

ಉತ್ಸಾಹ ಬಂದ ಮೇಡಂ, “ಹಿಂದೆ ನಿಂತಿದ್ದಾರಲ್ಲ, ಅವರು ಯಾರು? ಹೆಸರು ಹೇಳಿ” ಎಂದುಬಿಟ್ಟರು.

ಅಕ್ಕ ತಿರುಗಿ ಭಾವನನ್ನು ನೋಡಿದಳು. ತುಟಿ ಅಲುಗಿತು, ಸ್ವರ ಬರಲಿಲ್ಲ. ಭಾವ ಗಾಬರಿಯಾಗಿ ರೂಟರಿನ ಕಡೆ ಓಡಹೊರಟರು. ನಾನು ಅಂಗಿ ಹಿಡಿದು ಎಳೆದೆ. “ನೆಟ್ಟು ಸರಿ ಇದ್ದು ಭಾವ. ಅಕ್ಕ ಹುಡುಕ್ತಾ ಇದ್ದು.”

ಅವರ ಮದುವೆಯಾಗಿ ಮೂವತ್ತೈದು ವರ್ಷ. ಅಕ್ಕನ ಬಾಯಲ್ಲಿ ಭಾವನ ಹೆಸರನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೂ ಕಾರ್ಡು ಮುಂದೆ ಹಿಡಿದು ಬೆರಳು ತೋರಿಸುತ್ತಿದ್ದವಳು ಅವಳು.

ಆ ಹೆಸರನ್ನು ಅಕ್ಕ ಅಂದು ಹೇಳಿದಳು. ಎರಡು ತುಂಡಾಗಿ, ಆದರೆ ಪೂರ್ತಿಯಾಗಿ. ಅದು ಅವಳು ಗಳಿಸಿದ ಮಾತು. ನಾನು ಇಲ್ಲಿ ಬರೆಯುವುದಿಲ್ಲ.

ಹುಬ್ಬಳ್ಳಿಯಿಂದ “ಸರಿ!” ಎಂದು ತಕ್ಷಣ ಕೇಳಿತು. ಎರಡು ಮಾರು ದೂರದಲ್ಲಿ ನಿಂತಿದ್ದ ಭಾವ “ಓ” ಎನ್ನಲು ಬಹಳ ತಡಮಾಡಿದರು.