ಕೊಟ್ಟಾರದ ಸೀಟಿಗೆ ತಿರುಗಿದ ಫಳ್ನೀರಿನ ಡೋಲುಗಳು

ಮಂಗಳೂರು, ಮಾರ್ಚ್ ೧೦, ೧೯೮೪

ಕೊಟ್ಟಾರ ಜಂಕ್ಷನ್ನಿನ ನಟ್ಟನಡುವೆ, ಬಣ್ಣ ಮಾಸಿದ ಕೊಡೆಯ ಕೆಳಗೆ, ಬಿಳಿ ಕೈಗವಸು ತೊಟ್ಟು, ಎಂಟು ದಿಕ್ಕಿನ ಲಾರಿಗಳಿಂದ ಅನುದಿನವೂ ವಂದಿತರಾಗಿರುವ ಟ್ರಾಫಿಕ್ ಹವಾಲ್ದಾರ್ ಸಂಕಪ್ಪನವರ ಸನ್ನಿಧಾನಕ್ಕೆ, ಫಳ್ನೀರ್ ಸಾಂಬಾ ಬ್ಯಾಂಡಿನಲ್ಲಿ ಎರಡನೇ ಸಣ್ಣ ಡೋಲು ಬಾರಿಸುವ ಚಿತ್ತರಂಜನನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬುತ್ತೇನೆ. ತಮ್ಮ ಶ್ವಾಸಕೋಶಗಳು ಕ್ಷೇಮವಾಗಿರುವ ವಿಷಯದಲ್ಲಂತೂ ನನಗೆ ಸಂಶಯವಿಲ್ಲ. ಕಳೆದ ತಿಂಗಳು ಹನ್ನೆರಡರ ಆದಿತ್ಯವಾರ ನಾವು ಹದಿನಾಲ್ಕು ಮಂದಿ ಅದಕ್ಕೆ ಕಿವಿಯಾರೆ ಸಾಕ್ಷಿಯಾಗಿದ್ದೇವೆ. ಇದನ್ನು ದೂರು ಎಂದು ದಯವಿಟ್ಟು ಭಾವಿಸಬಾರದು. ಒಬ್ಬ ಕಲಾವಿದನಿಗೆ ಇನ್ನೊಬ್ಬ ಕಲಾವಿದ ಬರೆಯುವ ಅಭಿನಂದನೆಯೆಂದು ತಿಳಿಯಿರಿ. ನಡುವೆ ಅಲ್ಲಲ್ಲಿ ದೂರಿನ ವಾಸನೆ ಬಂದರೆ ಅದು ನನ್ನ ಬರವಣಿಗೆಯ ದೋಷ.

ಮೊದಲು ನಮ್ಮ ಪರಿಚಯ. ನಮ್ಮ ಬ್ಯಾಂಡಿನ ಗುರುಗಳು ಆಂಬ್ರೋಸ್ ಪೊರ್ಬುಗಳು. ಇಪ್ಪತ್ತೆರಡು ವರ್ಷ ಹಡಗಿನ ಇಂಜಿನ್ ಕೋಣೆಯಲ್ಲಿ ಬೆವರು ಸುರಿಸಿ, ಬ್ರೆಜಿಲ್ ದೇಶದ ಬಂದರೊಂದರಲ್ಲಿ ಹಡಗು ರಿಪೇರಿಗೆ ನಿಂತ ಒಂದೂವರೆ ತಿಂಗಳಲ್ಲಿ ಅಲ್ಲಿನ ಓಣಿಯ ಜನ ಸಾಂಬಾ ಎಂದು ಡೋಲು ಬಾರಿಸಿ ಕುಣಿಯುವುದನ್ನು ಕಂಡು, ಊರಿಗೆ ಮರಳುವಾಗ ಉಳಿದವರೆಲ್ಲ ಸೆಂಟು, ಟೇಪ್‌ರೆಕಾರ್ಡರು ತಂದರೆ ಇವರು ಒಂದು ಡೋಲನ್ನೂ ಒಂದು ವಿಸಿಲನ್ನೂ ತಂದವರು. ಅವರ ಹೆಂಡತಿ ಆನಿಬಾಯಿ ಆ ಪೆಟ್ಟಿಗೆ ಬಿಚ್ಚಿದ ದಿನದ ಬಗ್ಗೆ ಈಗಲೂ ಮಾತಾಡುವುದಿಲ್ಲ. ಆ ಒಂದು ಡೋಲನ್ನು ನೋಡಿಕೊಂಡು ಬಂದರಿನ ಮೊಯ್ದೀನಬ್ಬ ತನ್ನ ಗೋಡೌನಿನ ಖಾಲಿ ಎಣ್ಣೆ ಡ್ರಮ್ಮುಗಳನ್ನು ಕತ್ತರಿಸಿ, ಆಡಿನ ಚರ್ಮ ಬಿಗಿದು, ಇನ್ನು ಹನ್ನೆರಡನ್ನು ಮಾಡಿಕೊಟ್ಟರು. ಎಲ್ಲಕ್ಕಿಂತ ದೊಡ್ಡದನ್ನು ಅವರೇ ಹೆಗಲಿಗೇರಿಸಿದರು. ಜಲಜಾಕ್ಷಿ ಟೀಚರು ಸೋಡಾ ಬಾಟಲಿಯ ಮುಚ್ಚಳಗಳನ್ನು ತಂತಿಗೆ ಪೋಣಿಸಿ ಝಲ್ಲೆನಿಸುವ ಕೆಲಸ ವಹಿಸಿಕೊಂಡರು. ಹೀಗೆ ಶಾಲೆಯ ವಾರ್ಷಿಕೋತ್ಸವ, ವಾಲಿಬಾಲ್ ಪಂದ್ಯಾಟ, ಮದುವೆಯ ದಿಬ್ಬಣ ಎಂದು ಐದು ವರ್ಷಗಳಿಂದ ಊರಿನ ಕಿವಿಗಳನ್ನು ಪರೀಕ್ಷಿಸುತ್ತ ಬಂದಿದ್ದೇವೆ.

ತಾವು ಗಮನಿಸಬೇಕಾದ ಅಂಶವೊಂದುಂಟು. ಸಾಂಬಾದಲ್ಲಿ ಗುರುಗಳು ಬಾಯಿ ಬಿಟ್ಟು ಮಾತಾಡುವುದಿಲ್ಲ, ಕೈಸನ್ನೆಯನ್ನು ಯಾರೂ ನೋಡುವುದಿಲ್ಲ, ಎಲ್ಲವೂ ವಿಸಿಲಿನಲ್ಲೇ. ಒಂದು ಉದ್ದ ಸೀಟಿಗೆ ಆರಂಭ. ಎರಡು ತುಂಡು ಸೀಟಿಗೆ ಎಲ್ಲರೂ ಕೈ ಎತ್ತಿ ಸ್ತಬ್ಧ. ಮೂರಾದರೆ ನಿಂತಲ್ಲೇ ಹಿಂದಕ್ಕೆ ತಿರುಗಿ ನಡಿಗೆ. ಗುರ್ರ್ ಎಂದು ನಡುಗಿಸಿ ಊದಿದರೆ ವೇಗ ಇಮ್ಮಡಿ. "ವಿಸಿಲ್ ಕೇಳಿದ ಕೂಡಲೇ ಮಾಡಬೇಕು, ತಲೆ ಉಪಯೋಗಿಸ್ಲಿಕ್ಕೆ ಹೋಗಬೇಡಿ ಮಾರಾಯ್ರೆ" ಎಂಬುದು ಪೊರ್ಬುಗಳ ಉಪದೇಶ. ಅದರ ಉತ್ತರಾರ್ಧವನ್ನು ಪಾಲಿಸಲು ನಮಗೆ ಒಂದಿಷ್ಟೂ ಕಷ್ಟವಾಗಲಿಲ್ಲ. ಈಗ ಮನೆಯಲ್ಲಿ ಕುಕ್ಕರ್ ಮೂರು ಸಲ ಕೂಗಿದರೆ ನಾನು ಪೇಪರ್ ಹಿಡಿದುಕೊಂಡೇ ಗೋಡೆಯ ಕಡೆ ತಿರುಗುವಷ್ಟು ಸಾಧನೆಯಾಗಿದೆ.

ಹೀಗೆ ತಯಾರಾದ ನಮ್ಮನ್ನು ಸರ್ವೋತ್ತಮ ಶೆಟ್ಟರು ಕೊಟ್ಟಾರದಲ್ಲಿ ಕಟ್ಟಿಸಿದ ಹೊಸ ಹೋಟೆಲಿನ ಉದ್ಘಾಟನೆಗೆ ಕರೆಸಿದರು. ಜಂಕ್ಷನ್ನಿನಿಂದ ಹೋಟೆಲಿನ ಬಾಗಿಲಿನವರೆಗೆ ಒಂದು ಫರ್ಲಾಂಗು ಮೆರವಣಿಗೆ. ಮುಂದೆ ನಾವು, ಹಿಂದೆ ಕಲಶ ಹಿಡಿದ ಹೆಂಗಸರು, ಅವರ ಹಿಂದೆ ಮುಖ್ಯ ಅತಿಥಿಗಳು. "ಚೆಂಡೆಯೂ ಅಲ್ಲ, ಬ್ಯಾಂಡ್‌ಸೆಟ್ಟೂ ಅಲ್ಲ, ಇದೆಂತ ಪೊರ್ಬುಗಳೇ?" ಎಂದು ಶೆಟ್ಟರು ಕೇಳಿದ್ದಕ್ಕೆ, "ನೀವು ಕೇಳಿ ನೋಡಿ, ಆಮೇಲೆ ಹೇಳಿ" ಎಂದು ಪೊರ್ಬುಗಳು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲಿ ನೆಟ್ಟಗೆ ನಿಂತರು. ಐದು ವರ್ಷದಲ್ಲಿ ಅವರಿಗೆ ಶಾಲು ಹೊದೆಸುತ್ತೇನೆಂದು ಹೇಳಿದ ಮೊದಲ ವ್ಯಕ್ತಿ ಶೆಟ್ಟರು. ಆ ಸಂಗತಿಯನ್ನು ಪೊರ್ಬುಗಳು ನಮಗೆ ಹೇಳಿರಲಿಲ್ಲ, ಆನಿಬಾಯಿ ಹೇಳಿದ್ದರು.

ಮುಂದಿನದು ತಮ್ಮ ಕೃತಿ. ಪೊರ್ಬುಗಳು ಉದ್ದ ಸೀಟಿ ಊದಿದರು, ನಾವು ಹೊರಟೆವು. ಹತ್ತು ಹೆಜ್ಜೆಯಾಗಿರಲಿಲ್ಲ, ಹಂಚಿನ ಲಾರಿಯೊಂದನ್ನು ತಡೆಯಲು ತಾವು ಎರಡು ತುಂಡು ಸೀಟಿ ಬಿಟ್ಟಿರಿ. ಲಾರಿ ನಿಲ್ಲುವುದಕ್ಕೆ ಮೊದಲೇ ನಾವು ನಿಂತೆವು. ಬಳಿಕ ಉಡುಪಿ ಬಸ್ಸಿಗೆ ದಾರಿ ಕೊಡಲು ಉದ್ದಕ್ಕೆ ಊದಿದಿರಿ. ನಾವು ಮತ್ತೆ ಶುರು. ಸೈಕಲ್ಲಿನವನನ್ನು ಗದರಿಸಲು ಮೂರು ತುಂಡು ಬಿಟ್ಟಿರಿ. ಹದಿಮೂರು ಡೋಲುಗಳೂ ಒಂದು ಝಲ್ಲೂ ಏಕಕಾಲಕ್ಕೆ ಹಿಂದಕ್ಕೆ ತಿರುಗಿ, ಕಲಶದ ಹೆಂಗಸರ ನಡುವಿನಿಂದಲೇ ನುಗ್ಗಿ, ಕೂಳೂರು ಸೇತುವೆಯ ದಿಕ್ಕಿಗೆ ನಡೆದವು. ವಾದ್ಯ ಹೋದ ಕಡೆಗೆ ಕಲಶ ಹೋಗಬೇಕೆಂಬುದು ಸಂಪ್ರದಾಯವಾದ್ದರಿಂದ ಹೆಂಗಸರೂ ತಿರುಗಿದರು. ಹೆಂಗಸರು ಹೋದಮೇಲೆ ಮುಖ್ಯ ಅತಿಥಿಗಳು ಒಬ್ಬರೇ ನಿಂತು ಮಾಡುವುದೇನು? ಅವರೂ ಬಂದರು.

ಪೊರ್ಬುಗಳು ಮಾತ್ರ ಬರಲಿಲ್ಲ. ಮುಂದಾಳು ಹಿಂದೆ ನೋಡಬಾರದೆಂಬ ಅವರದೇ ನಿಯಮದಂತೆ ಅವರು ವಿಸಿಲ್ ಊದುತ್ತ, ಎದೆಯುಬ್ಬಿಸಿ, ಒಂಟಿಯಾಗಿ ಹೋಟೆಲಿನ ಬಾಗಿಲು ತಲುಪಿದರು. ಅಲ್ಲಿನ ಸಪ್ಲೈಯರು ಮೊದಲ ಗಿರಾಕಿ ಬಂದರೆಂದು ಒಂದು ಗ್ಲಾಸು ಲಿಂಬೆ ಶರಬತ್ತು ಕೊಟ್ಟನಂತೆ.

ಇತ್ತ ತಾವು ಕೊಡೆಯ ಕೆಳಗಿನ ಕಟ್ಟೆಯಿಂದ ಇಳಿದು, ಹೆದ್ದಾರಿಯಲ್ಲಿ ಮುತ್ತೈದೆಯರು ಮಂತ್ರಿಯ ಕಾರಿಗೂ ಸಿಗದ ವೇಗದಲ್ಲಿ ಹೋಗುತ್ತಿರುವುದನ್ನು ಕಂಡು ಗಾಬರಿಯಿಂದ ನಡುಗಿಸಿ ನಡುಗಿಸಿ ಊದಿದಿರಿ. ನಮಗೆ ಅದರ ಅರ್ಥ ಒಂದೇ. ತಾವು ಊದಿದಷ್ಟೂ ನಾವು ಓಡಿದೆವು. ನಾವು ಓಡಿದಷ್ಟೂ ತಾವು ಊದಿದಿರಿ. "ಎಂತ ಆಯ್ತು ಟೀಚರೇ, ನಾವು ಉಡುಪಿಗೆ ಹೋಗುವುದಾ?" ಎಂದು ಮೊಯ್ದೀನಬ್ಬ ಏದುಸಿರಿನಲ್ಲಿ ಕೇಳಿದ್ದೂ, "ತಲೆ ಉಪಯೋಗಿಸಬೇಡಿ ಅಂತ ಹೇಳಿದ್ದಾರಲ್ಲ, ಬಾರಿಸಿ!" ಎಂದು ಟೀಚರು ಗದರಿದ್ದೂ ನನಗೆ ಕೇಳಿಸಿತ್ತು.

ಮಾನ್ಯರೇ, ಇಲ್ಲಿಂದ ನಾನು ತಮಾಷೆ ಬಿಟ್ಟು ಬರೆಯಬೇಕಾಗಿದೆ. ನಮ್ಮ ಹಿಂದೆ ಓಡಿ ಓಡಿ ಉಸಿರು ಕಟ್ಟಿದ ತಾವು ಕ್ರಮ ತಪ್ಪಿ ಬಿಟ್ಟ ಸೀಟಿಗಳಿಗೆ ನಾವು ಎಲ್ಲೆಲ್ಲೋ ನಿಂತು, ಎಲ್ಲೆಲ್ಲೋ ಸಿಡಿದು, ಅರೆಕ್ಷಣ ಮೌನವಾಗಿ, ಮತ್ತೆ ಒಟ್ಟಿಗೆ ಬಿದ್ದಾಗ ಐದು ವರ್ಷದಲ್ಲಿ ಒಮ್ಮೆಯೂ ಆಗದ್ದು ಆಯಿತು. ಡೋಲು ನಮ್ಮನ್ನು ಹೊತ್ತುಕೊಂಡು ಹೋಯಿತು. ಬಸ್ಸಿನ ಜನ ಕೆಳಗಿಳಿದು ಕುಣಿದರು, ಕ್ಷೌರದಂಗಡಿಯಿಂದ ಒಬ್ಬರು ಅರ್ಧ ಮೀಸೆಯಲ್ಲೇ ಬಂದರು, ಮುಖ್ಯ ಅತಿಥಿಗಳು ಚಪ್ಪಲಿ ಕೈಯಲ್ಲಿ ಹಿಡಿದಿದ್ದರು. ಕೊನೆಗೆ ತಮ್ಮ ಅದೃಷ್ಟಕ್ಕೆ ಮೂರು ತುಂಡು ಸೀಟಿ ಸರಿಯಾಗಿ ಬಿದ್ದು ನಾವು ತಿರುಗಿದೆವು. ಮುಹೂರ್ತ ಮೀರಿ ಇಪ್ಪತ್ತು ನಿಮಿಷದ ಮೇಲೆ, ತಮ್ಮ ಹಿಂದೆ ಸಾಲಾಗಿ, ಹೋಟೆಲಿಗೆ ಬಂದೆವು. ಮುಹೂರ್ತದ ನೆನಪೂ ಪೊರ್ಬುಗಳ ನೆನಪೂ ಇಲ್ಲದ ಶೆಟ್ಟರು, "ಮಾಸ್ಟ್ರು ಅಂದರೆ ಇವರು ಮಾರಾಯ್ರೆ, ಡ್ಯೂಟಿ ಡ್ರೆಸ್ಸಿನಲ್ಲೇ ಬಂದಿದ್ದಾರೆ!" ಎಂದು ಶಾಲನ್ನು ತಮ್ಮ ಹೆಗಲಿಗೆ ಹೊದೆಸಿದರು. ತಾವು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಪೊರ್ಬುಗಳು ಬಾಗಿಲಲ್ಲಿ ಶರಬತ್ತಿನ ಗ್ಲಾಸು ಹಿಡಿದು ಚಪ್ಪಾಳೆ ತಟ್ಟಿದರು. ಗ್ಲಾಸು ಕೈಯಲ್ಲಿದ್ದುದರಿಂದ ಸದ್ದಾಗಲಿಲ್ಲ.

ಆಮೇಲೆ ಮೂರು ಆದಿತ್ಯವಾರ ಅವರು ಅಭ್ಯಾಸಕ್ಕೆ ಇಳಿದಿಲ್ಲ. ಅವರ ಮನೆಯ ಹಿತ್ತಿಲಲ್ಲೇ ನಮ್ಮ ಅಭ್ಯಾಸ. ಅವರು ಜಗಲಿಯಲ್ಲಿ ಬೆನ್ನು ಹಾಕಿ ಕುಳಿತಿರುತ್ತಾರೆ. ನಾವೆಲ್ಲ ಹೋಗಿ ತಪ್ಪಾಯಿತು ಎಂದು ಕೈಮುಗಿದೆವು. ಅವರು ಇತ್ತ ತಿರುಗದೆಯೇ ಹೇಳಿದರು: "ತಪ್ಪು ಬಾರಿಸಿದ್ದರೆ ಬೈಯುತ್ತಿದ್ದೆ. ನನಗೆ ಹೋಟೆಲಿನ ಬಾಗಿಲಿಗೆ ಕೇಳ್ತಾ ಇತ್ತು. ನೀವು ಚಂದ ಬಾರಿಸಿದಿರಿ. ಅದಕ್ಕೆ ನಾನು ಎಂತ ಹೇಳುವುದು?" ಈ ನಡುವೆ ಮೂರು ಕಡೆಯಿಂದ ಕರೆ ಬಂದಿದೆ. ಮೂವರದೂ ಒಂದೇ ಷರತ್ತು, ಪೊಲೀಸ್ ಮಾಸ್ಟ್ರು ಇರಬೇಕು. ಪೊರ್ಬುಗಳಿಲ್ಲದೆ ಹೋಗುವುದಾದರೆ ಡೋಲನ್ನು ಮತ್ತೆ ಎಣ್ಣೆಗೆ ಉಪಯೋಗಿಸುತ್ತೇನೆಂದು ಮೊಯ್ದೀನಬ್ಬ ಹೇಳಿಬಿಟ್ಟಿದ್ದಾರೆ. ಅಂದರೆ ಅವರು ಏಳದಿದ್ದರೆ ಬ್ಯಾಂಡು ಮುಗಿಯಿತು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ಹೆದ್ದಾರಿಯ ಲಾರಿಗಳನ್ನು ಇನ್ನು ಮುಂದೆ ಸೀಟಿಯ ಬದಲು ಜಾಗಟೆ ಬಾರಿಸಿ ನಿಯಂತ್ರಿಸಬೇಕು. ಅದು ಇಲಾಖೆಯ ನಿಯಮಕ್ಕೆ ವಿರುದ್ಧವಾದರೆ, ನಾವು ಹಾದುಹೋಗುವ ದಿನ ಮಂಗಳೂರಿಂದ ಉಡುಪಿಯವರೆಗಿನ ವಾಹನಗಳೆಲ್ಲ ಮನೆಯಲ್ಲೇ ಇರುವಂತೆ ಸಾರಬೇಕು. ಅದೂ ಕಷ್ಟವಾದರೆ, ಒಂದೇ ಒಂದು ಆದಿತ್ಯವಾರ ಸಂಜೆ ನಾಲ್ಕಕ್ಕೆ, ಯೂನಿಫಾರ್ಮು ತೆಗೆದಿಟ್ಟು, ಸೀಟಿಯನ್ನು ಮನೆಯಲ್ಲಿ ಬಿಟ್ಟು ಫಳ್ನೀರಿಗೆ ಬನ್ನಿ. ಹೆಗಲಿಗೆ ಒಂದು ಡೋಲು ಹಾಕುತ್ತೇವೆ. ಪೊರ್ಬುಗಳು ಕುಳಿತಲ್ಲಿಂದಲೇ ಎರಡು ತುಂಡು ಊದಿದಾಗ ತಾವು ನಿಲ್ಲಬೇಕು, ಅಷ್ಟೇ. ಇಡೀ ಜಿಲ್ಲೆಯನ್ನು ನಿಲ್ಲಿಸುವವರು ತನ್ನ ವಿಸಿಲಿಗೆ ನಿಂತದ್ದನ್ನು ಕಂಡರೆ ಆ ಮುದುಕ ಎದ್ದಾನು ಎಂಬುದು ನಮ್ಮ ಆಸೆ. ತಾವು ನಿಲ್ಲದೆ ಮುಂದೆ ಹೋದರೂ ಚಿಂತೆಯಿಲ್ಲ, ಬೈಯಲಿಕ್ಕಾದರೂ ಎದ್ದಾರು.

ತಮ್ಮ ಸೀಟಿಯ ಅನುಮತಿಯಿಂದ ಮಾತ್ರ ಹೆಜ್ಜೆ ಎತ್ತುವ,
ತಮ್ಮ ವಿಶ್ವಾಸಿ,
ಚಿತ್ತರಂಜನ

ತಾಜಾ ಕಲಂ: ಇದನ್ನು ಲಕೋಟೆಗೆ ಹಾಕುವಷ್ಟರಲ್ಲಿ ಆನಿಬಾಯಿ ಬಂದು ಹೇಳಿ ಹೋದರು. ಮೊನ್ನೆ ಗುರುವಾರ ಪೊರ್ಬುಗಳು ಔಷಧಿ ತರುತ್ತೇನೆಂದು ಹೊರಟು, ಔಷಧಿಯಂಗಡಿ ಮನೆಯೆದುರೇ ಇದ್ದರೂ ಬಸ್ಸು ಹತ್ತಿ ಕೊಟ್ಟಾರಕ್ಕೆ ಬಂದು, ತಮ್ಮ ಕೊಡೆಯೆದುರಿನ ಬಸ್‌ಸ್ಟಾಪಿನಲ್ಲಿ ಎರಡು ಗಂಟೆ ಕಿವಿಗೊಟ್ಟು ನಿಂತಿದ್ದರಂತೆ. ಮನೆಗೆ ಬಂದು ಹೊಟ್ಟೆ ತುಂಬಾ ಉಂಡು, "ಆ ಜನಕ್ಕೆ ಉಸಿರು ಉಂಟು, ಆದರೆ ಎರಡನೇ ಸೀಟಿ ಬೇಗ ಬಿಡ್ತಾನೆ. ಯಾರೂ ಸರಿಯಾಗಿ ಕಲಿಸಿಲ್ಲ" ಎಂದರಂತೆ. ಸೋಮವಾರದಿಂದ ದಿನಾ ಬೆಳಿಗ್ಗೆ ವಿಸಿಲ್ ಸಮೇತ ತಮ್ಮ ಜಂಕ್ಷನ್ನಿಗೇ ಬಂದು ಪಾಠ ಮಾಡುವವರಿದ್ದಾರೆ. ಅದಕ್ಕೇ ಇದನ್ನು ಅಂಚೆಗೆ ಹಾಕದೆ ಕೈಯಲ್ಲೇ ಕಳಿಸುತ್ತಿದ್ದೇನೆ. ತಾವು ನಾಳೆ ಆದಿತ್ಯವಾರವೇ ಇತ್ತ ಬರುವುದು ಲಾರಿಗಳ ದೃಷ್ಟಿಯಿಂದ ಕ್ಷೇಮ.